ಐದು ಕಿಲೋಮೀಟರ್ ಮೇಲಿನ ಹೊಗೆ

ಬೀದಿಯವರಿಗೆಲ್ಲ ಅವಳು ಹೊಗೆಯಕ್ಕ. ದೂರದ ಕಾಡಿಗೆ ಬೆಂಕಿ ಬಿದ್ದರೆ ಅದರ ಹೊಗೆ, ಬಯಲಲ್ಲಿ ಗಾಳಿ ಎದ್ದರೆ ಅದರ ಧೂಳು ಯಾವ ಊರಿನ ಮೇಲೆ ಹೊರಟಿದೆ ಎಂದು ಉಪಗ್ರಹದ ಚಿತ್ರ ನೋಡಿ ನಕ್ಷೆಯಲ್ಲಿ ಗೆರೆ ಎಳೆಯುವುದು ಹವಾಮಾನ ಕಚೇರಿಯಲ್ಲಿ ಅವಳ ಕೆಲಸ. ಆ ಗೆರೆ ನೋಡಿಯೇ ಶಾಲೆಗಳು ಮಕ್ಕಳನ್ನು ಆಟಕ್ಕೆ ಬಿಡುತ್ತವೆ. ಎದುರುಮನೆಯಾಕೆಯಂತೂ ಬುಟ್ಟಿಯನ್ನು ಸೊಂಟಕ್ಕಿಟ್ಟುಕೊಂಡು ದಿನಾ ಕೂಗುತ್ತಾಳೆ: "ಅಕ್ಕಾ, ಇವತ್ತು ಬಿಳಿ ಬಟ್ಟೆ ಒಣಹಾಕ್ಲಾ, ಕರೀದು ಹಾಕ್ಲಾ?"

ಹೊಗೆ ಚೆನ್ನಾಗಿ ಕಾಣುವುದು ಎಳೆಬಿಸಿಲಿನಲ್ಲಿ. ಓರೆಯಾಗಿ ಬಿದ್ದ ಬೆಳಕಿಗೆ ಕೆನೆಯಂತೆ ಹೊಳೆಯುತ್ತದೆ. ನಡುಹಗಲಿಗೆ ಕಣ್ಣಿಗೇ ಸಿಗುವುದಿಲ್ಲ. ಹಾಗಾಗಿ ಅವಳು ಬೆಳಗ್ಗೆ ಏಳಕ್ಕೆಲ್ಲ ಕಚೇರಿ ಸೇರಿ, ಮಾನಿಟರಿನ ಮೇಲೆ ಬಿಸಿಲು ಬೀಳದಂತೆ ಕಿಟಕಿಗೆ ದಪ್ಪ ಪರದೆ ಎಳೆದು ಕೂರುತ್ತಾಳೆ.

ಆ ದಿನ ಹನ್ನೊಂದಕ್ಕೆ ಮಗಳ ಓಟದ ಪಂದ್ಯ. ಮೂರು ತಿಂಗಳಿಂದ ಹುಡುಗಿ ಹಾಲು ತರಲು ಹೋದರೂ ಓಡುತ್ತಲೇ ಬರುತ್ತಿದ್ದಳು; ಅರ್ಧ ಹಾಲು ದಾರಿಯ ಪಾಲು. ಈಗ ನೋಡಿದರೆ ಹೊಗೆಯ ಉದ್ದನೆಯ ಸೆರಗು ಸೀದಾ ಊರಿನ ಕಡೆಗೇ ಬರುತ್ತಿದೆ. ಚಿತ್ರಗಳನ್ನು ಹಿಂದೆ ಮುಂದೆ ಓಡಿಸಿದಳು. ಅದು ದಾರಿ ಬದಲಿಸಲಿಲ್ಲ. ಮೌಸಿನ ಮೇಲೆ ಕೈ ಬಹಳ ಹೊತ್ತು ಸುಮ್ಮನಿತ್ತು. ಕೊನೆಗೆ ಕಂಡದ್ದನ್ನು ಕಂಡಂತೆ ಎಳೆದಳು. ಊರು ಗೆರೆಯೊಳಗೆ ಬಿತ್ತು, ಪಂದ್ಯ ರದ್ದಾಯಿತು.

ಹತ್ತಕ್ಕೆ ಮೈದಾನದಿಂದ ಗಂಡನ ಫೋನು.

"ಹೆತ್ತ ಮಗಳಿಗೇ ಹೊಗೆ ಹಾಕಿದ್ಯಲ್ಲೇ!"

"ನಾನೇನ್ರೀ ಮಾಡ್ಲಿ? ಚಿತ್ರದಲ್ಲಿ ಕಾಣ್ತಿದೆ."

"ಇಲ್ಲಿ ಕಾಣ್ತಿಲ್ಲ. ಇವಳು ಮುಖ ಊದಿಸ್ಕೊಂಡು ಕೂತಿದ್ದಾಳೆ, ಅದೊಂದು ಕಾಣ್ತಿದೆ. ಒಂದ್ಸಲ ಕಿಟಕಿಯಾಚೆ ನೋಡೇ ತಾಯಿ."

ಪರದೆ ಸರಿಸಿದಳು. ಸೂರ್ಯ ತುಸು ಪೇಲವ, ಅಷ್ಟೆ. ದೂರದ ನೀರಿನ ಟ್ಯಾಂಕಿನ ಏಣಿಯ ಮೆಟ್ಟಿಲುಗಳನ್ನು ಎಣಿಸಬಹುದಿತ್ತು. ತಾರಸಿಯ ಮೇಲಿನ ಗಾಳಿ ಅಳೆಯುವ ಯಂತ್ರವೂ ಎಲ್ಲ ಶುದ್ಧ ಎನ್ನುತ್ತಿತ್ತು. ಆಗ ಹೊಳೆಯಿತು. ಉಪಗ್ರಹ ನೋಡುವುದು ಮೇಲಿನಿಂದ. ಹೊಗೆ ನೆಲ ಮುಟ್ಟಿದೆಯೋ ತಲೆಯ ಮೇಲೆ ಹಾದು ಹೋಗುತ್ತಿದೆಯೋ ಅದು ಹೇಳುವುದಿಲ್ಲ. ಹೊಗೆಯ ವೇಗವನ್ನು ಬೇರೆ ಬೇರೆ ಎತ್ತರದ ಗಾಳಿಯ ಪಟ್ಟಿಗೆ ಹೋಲಿಸಿದಳು. ಅಷ್ಟು ಜೋರಾದ ಗಾಳಿ ಇದ್ದದ್ದು ಐದು ಕಿಲೋಮೀಟರ್ ಎತ್ತರದಲ್ಲಿ ಮಾತ್ರ. ಹೊಸಬರು ಇದನ್ನು ಮರೆತರೆ ಅವರ ಬೆವರಿಳಿಸುತ್ತಿದ್ದವಳು ಅವಳೇ! ನಾಲಿಗೆ ಕಚ್ಚಿಕೊಂಡು, ತಿದ್ದುಪಡಿ ಕಳಿಸಿ, ಹೆಡ್‌ಮಾಸ್ತರಿಗೆ ಫೋನು ಹಚ್ಚಿದಳು.

"ಹೊಗೆ ಇದೆಯೋ ಇಲ್ವೋ, ಒಂದು ಹೇಳಮ್ಮ."

"ಇದೆ ಸರ್. ಐದು ಕಿಲೋಮೀಟರ್ ಮೇಲಿದೆ."

"ನಮ್ಮ ಮಕ್ಕಳು ಅಷ್ಟು ಎತ್ತರ ಹೋಗಲ್ಲಮ್ಮ. ನೂರು ಮೀಟರ್ ಓಡ್ತಾರೆ, ಅದೂ ನೆಲದ ಮೇಲೆ."

ಅವಳು ಏದುಸಿರು ಬಿಡುತ್ತ ಮೈದಾನ ತಲುಪುವಷ್ಟರಲ್ಲಿ ಪಂದ್ಯ ಮುಗಿದಿತ್ತು. ಓಡಿದವರು ಐವರು, ಮಗಳು ನಾಲ್ಕನೆಯವಳು.

"ಹೊಗೆ ಮೂಗಿಗೆ ಹೋಯ್ತು ಕಣಮ್ಮ, ಅದಕ್ಕೇ," ಎಂದಳು ಮಗಳು ಕಣ್ಣಲ್ಲಿ ನೀರು ತುಂಬಿಕೊಂಡು.

ಐದು ಕಿಲೋಮೀಟರ್ ಎನ್ನಲು ಅವಳು ಬಾಯಿ ತೆರೆದಳು. ಮಗಳ ಬೆನ್ನ ಹಿಂದೆ ಗಂಡ ಕೈಮುಗಿದು ನಿಂತಿದ್ದ. ಅವಳು ಮಂಡಿಯೂರಿ, ಮಗಳ ಗಲ್ಲ ಎತ್ತಿ ಹಿಡಿದು, ಮೂಗಿನ ಹೊಳ್ಳೆಗಳನ್ನು ಒಂದೊಂದಾಗಿ ಬಿಸಿಲಿಗೆ ತಿರುಗಿಸಿ ನೋಡಿದಳು.

"ಹೌದು ಪುಟ್ಟಾ, ಇದೆ. ಎಡಗಡೆ ಸ್ವಲ್ಪ ಜಾಸ್ತಿನೇ ಇದೆ."