ಏನೂ ಆಗದ ವರ್ಷ

ಡಿಸೆಂಬರ್ ಬಂತೆಂದರೆ ನಮ್ಮ ಆಫೀಸಿನಲ್ಲಿ ಎಲ್ಲರೂ ತಮ್ಮ ಬೆನ್ನು ತಾವೇ ತಟ್ಟಿಕೊಳ್ಳಬೇಕು. ವರ್ಷವಿಡೀ ಏನು ಸಾಧಿಸಿದಿರಿ ಎಂದು ಮ್ಯಾನೇಜರ್ ಒಬ್ಬೊಬ್ಬರನ್ನೇ ಕೂರಿಸಿಕೊಂಡು ಕೇಳುತ್ತಾರೆ. ನನ್ನ ಸಾಧನೆಯೋ, ಹೇಳಿದರೆ ನಗಬೇಡಿ, ಈ ವರ್ಷ ಏನೂ ಆಗಲಿಲ್ಲ.

ರಕ್ತಪರೀಕ್ಷೆಯ ವರದಿಗಳನ್ನು ರೋಗಿಗಳ ಮೊಬೈಲಿಗೆ ಕಳಿಸುವ ಒಂದು ಹಳೆಯ ಸಿಸ್ಟಮ್ ನನ್ನ ಪಾಲಿಗಿದೆ. ಅದು ಕೆಟ್ಟರೆ ನನ್ನ ಫೋನು ಬಡಿದುಕೊಳ್ಳುತ್ತದೆ. ಎಷ್ಟು ಹೊತ್ತಾದರೂ ನಾನೇ ಎದ್ದು ಕೂರಬೇಕು. ಕೆಡಬಾರದಲ್ಲ ಎಂದು ದಿನಾ ಸಂಜೆ ಅದರ ಹೊಟ್ಟೆಯೊಳಗೆ ಕೈ ಹಾಕಿ, ತುಂಬಿದ್ದನ್ನು ಖಾಲಿ ಮಾಡಿ, ಸಡಿಲವಾದದ್ದನ್ನು ಬಿಗಿ ಮಾಡಿ ಬರುತ್ತಿದ್ದೆ. ಹಾಗಾಗಿ ಫೋನು ಬಡಿದುಕೊಳ್ಳಲಿಲ್ಲ. ಆದರೆ ಯಾವಾಗ ಬಡಿದುಕೊಳ್ಳುತ್ತದೋ ಎಂಬ ದಿಗಿಲಿನಲ್ಲಿ ಅದನ್ನು ಬಚ್ಚಲುಮನೆಗೂ ಒಯ್ದೆ, ಹಲ್ಲಿನ ಡಾಕ್ಟರ ಕುರ್ಚಿಯಲ್ಲೂ ತೊಡೆಯ ಮೇಲಿಟ್ಟುಕೊಂಡೆ. ಅಕ್ಕನ ಮಗಳ ಮದುವೆಯಲ್ಲಿ ಧಾರೆಯ ಹೊತ್ತಿಗೆ ಎಲ್ಲರೂ ಅಕ್ಷತೆ ಹಿಡಿದು ನಿಂತಿದ್ದರೆ ನಾನು ಸಿಗ್ನಲ್ ಸಿಗುತ್ತದೆಂದು ಛತ್ರದ ಕೈ ತೊಳೆಯುವ ನಲ್ಲಿಗಳ ಪಕ್ಕ ನಿಂತಿದ್ದೆ. ಕರೆ ಬರಲಿಲ್ಲ. ಧಾರೆ ಮುಗಿದುಹೋಯಿತು.

ಪಕ್ಕದ ಟೀಮಿನವನ ಕಥೆಯೇ ಬೇರೆ. ಅವನ ಸಿಸ್ಟಮ್ ದಸರಾ ಸಮಯದಲ್ಲಿ ಮಕಾಡೆ ಮಲಗಿತು. ಅವನು ಆಫೀಸಿನಲ್ಲೇ ಬಿದ್ದುಕೊಂಡು ಅದನ್ನು ಎಬ್ಬಿಸಿದ. ಕೇಕು ತರಿಸಿ ಕತ್ತರಿಸಿದರು. ನಾನೂ ಚಪ್ಪಾಳೆ ತಟ್ಟಿದೆ. ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ.

ನನಗೆ ಕೇಕು ಬೇಕಿರಲಿಲ್ಲ. ಮುಂದಿನ ವರ್ಷ ಈ ಕಾವಲು ಬೇರೆಯವರಿಗೆ ಹೋಗಲಿ, ನಾನು ಮನುಷ್ಯರ ಹಾಗೆ ಕಣ್ಣುಮುಚ್ಚಿ ಮಲಗುವಂತಾಗಲಿ, ಅಷ್ಟೇ. ಆ ದಿನ ಕುವೆಂಪುನಗರದ ಮನೆಯಿಂದ ಸ್ಕೂಟರಿನಲ್ಲಿ ಆಫೀಸಿಗೆ ಹೋಗುತ್ತಾ ದಾರಿಯುದ್ದಕ್ಕೂ ಹೆಲ್ಮೆಟ್ಟಿನೊಳಗೆ ಅದನ್ನೇ ಗಟ್ಟಿಯಾಗಿ ಹೇಳಿಕೊಂಡೆ.

ಮ್ಯಾನೇಜರ್ ನನಗಿಂತ ಚಿಕ್ಕವರು, ಸಭ್ಯರು. ಕಾಫಿ ತರಿಸಿಕೊಟ್ಟರು.

"ಮೇಡಂ, ವರ್ಷವೆಲ್ಲಾ ಒಂದು ಕಂಪ್ಲೇಂಟೂ ಇಲ್ಲ. ನಿಮಗೆ ಕೆಲಸ ಕಮ್ಮಿ ಅನ್ಸತ್ತೆ," ಎಂದು ನಕ್ಕರು. "ತಮಾಷೆಗಂದೆ. ನೀವಿದ್ರೆ ನಮಗೆ ನಿಶ್ಚಿಂತೆ. ಅದಕ್ಕೇ, ದಸರಾದಲ್ಲಿ ಬಿತ್ತಲ್ಲ, ಆ ಸಿಸ್ಟಮನ್ನೂ ನಿಮ್ಮ ಕೈಗೇ ಕೊಡೋಣ ಅಂತಿದ್ದೀವಿ."

ಹೆಲ್ಮೆಟ್ಟಿನೊಳಗೆ ಅಷ್ಟು ಚೆನ್ನಾಗಿ ಬಂದಿದ್ದ ಮಾತು ಇಲ್ಲಿ ಬರಲೇ ಇಲ್ಲ. ಹೊಗಳಿದವರ ಮುಂದೆ ಒಲ್ಲೆ ಅನ್ನುವುದಾದರೂ ಹೇಗೆ. "ನೋಡೋಣ ಸರ್," ಅಂದೆ. ಹಾಗೆಂದರೆ ಆಯಿತು ಎಂದೇ ಅರ್ಥ, ಇಬ್ಬರಿಗೂ ಗೊತ್ತು.

ಅಂದು ಬೇಗನೆ ಮನೆಗೆ ಬಂದರೆ ಅವ್ವ ಅವರೆಕಾಯಿ ಸುಲಿಯುತ್ತಾ ಕೂತಿದ್ದಳು. ನನ್ನ ಜೊತೆಯಲ್ಲೇ ಇರುತ್ತಾಳೆ. ಇಲವಾಲದ ಕಡೆಯ ಹಳ್ಳಿಯವಳು, ಮಾತಿನಲ್ಲಿ ಮುಚ್ಚುಮರೆ ಇಲ್ಲ.

"ಏನಂದ್ರು?"

"ಇನ್ನೊಂದು ಕೊಟ್ರು ಕಣವ್ವ."

"ನೀನು ಬ್ಯಾಡ ಅಂದ್ಯಾ?"

ನಾನು ಹೆಲ್ಮೆಟ್ಟನ್ನು ಮೊಳೆಗೆ ನೇತುಹಾಕಿದೆ.

"ನೀನ್ ಬಾಯಿ ಬುಡ್ದಿದ್ರೆ ಅವ್ರಿಗೆಂಗೆ ಗೊತ್ತಾಯ್ತದೆ? ಅಳದೇ ಇದ್ರೆ ಎತ್ತವ್ವನೂ ಹಾಲು ಕೊಡಲ್ಲ."

ಅವಳ ಮೇಲೆ ಸಿಟ್ಟು ಬಂತು. ಹೇಳುವವರಿಗೇನು, ಕೂತಲ್ಲೇ ಹೇಳುತ್ತಾರೆ. ಆ ಸಿಟ್ಟಿನಲ್ಲೇ ಮ್ಯಾನೇಜರಿಗೆ ಫೋನು ಮಾಡಿದೆ.

"ಸರ್, ಆಗಲ್ಲ. ಹೊಸದೂ ಬೇಡ, ಹಳೇದನ್ನೂ ಬೇರೆಯವರಿಗೆ ಕೊಡಿ."

"ಯಾಕೆ ಮೇಡಂ, ಏನಾದ್ರೂ ತೊಂದ್ರೆ ಆಯ್ತಾ?"

ಏನೂ ಆಗಿರಲಿಲ್ಲ. ಏನೂ ಆಗದಂತೆ ನೋಡಿಕೊಳ್ಳುವುದಕ್ಕೆ ಎಷ್ಟು ಜೀವ ತೇಯಬೇಕೆಂದು ವಿವರಿಸುವ ತ್ರಾಣ ನನ್ನಲ್ಲಿರಲಿಲ್ಲ. "ಸುಸ್ತಾಗಿದೆ ಸರ್," ಅಂದೆ. ಅಷ್ಟು ಹೇಳುವಷ್ಟರಲ್ಲಿ ಅಳು ಬಂದುಬಿಟ್ಟಿತು.

ಅವರು ಮೆತ್ತಗೆ, "ಆದ್ರೆ ಯಾರಿಗೆ ಕೊಡ್ಲಿ ಮೇಡಂ?" ಎಂದರು.

"ಅದನ್ನ ನೀವು ನೋಡ್ಕೊಳ್ಳಿ," ಎಂದು ಕರೆ ಮುಗಿಸಿದೆ.

ಪಾಪ, ಒಳ್ಳೆಯ ಮನುಷ್ಯ, ಹಾಗನ್ನಬಾರದಿತ್ತು ಅನ್ನಿಸಿತು. ಮತ್ತೆ ಕರೆ ಮಾಡಿ, ಆಯಿತು ಸರ್, ನಾನೇ ನೋಡಿಕೊಳ್ಳುತ್ತೇನೆ ಎನ್ನಲು ಬೆರಳು ಆಗಲೇ ಅವರ ಹೆಸರಿನ ಮೇಲಿತ್ತು. ಅವ್ವ ಎದ್ದು ಬಂದು, ನನ್ನ ಕೈಯಿಂದ ಫೋನು ಕಿತ್ತುಕೊಂಡು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಓಗು, ಮಲ್ಕೋ," ಅಂದಳು.

ಹೊರಗೆ ಇನ್ನೂ ಬಿಸಿಲಿತ್ತು. ನಾನು ಹೋಗಿ ಮಲಗಿದೆ.