ಈರಪ್ಪ ಮಾಮಾನ ಕಾಲು ಮತ್ತು ನಾಲ್ಕೂರಿನ ಗಟಾರ

ಹೋದ ವಾರ ಸೂಜಿ-ದಾರ ಹುಡುಕುತ್ತ ಹಳೆಯ ಡಬ್ಬಿಯೊಂದನ್ನು ತೆರೆದೆ. ಸೂಜಿಗಿಂತ ಮೊದಲು ಸಿಕ್ಕಿದ್ದು ಹಳಸಿದ ಕ್ಯಾಪ್ಸೂಲಿನ ವಾಸನೆ. ಕತ್ತರಿಯಿಂದ ಕತ್ತರಿಸಿದ ಅರ್ಧ ಪಟ್ಟಿ, ಅದರಲ್ಲಿ ಮೂರು ಉಳಿದಿದ್ದವು. ನಿಮ್ಮ ಮನೆಯಲ್ಲೂ ಇಂಥದ್ದೊಂದು ಇದ್ದೇ ಇರುತ್ತದೆ, ಇಲ್ಲ ಎನ್ನಬೇಡಿ. ಆರಾಮಾದ ಮೇಲೂ ಗುಳಿಗೆ ನುಂಗುವುದೆಂದರೆ ನಮಗೆ ಹೊಟ್ಟೆ ತುಂಬಿದ ಮೇಲೂ ರೊಟ್ಟಿ ಮುರಿದಷ್ಟೇ ಅತಿರೇಕ.

ಈ ವಿದ್ಯೆಯಲ್ಲಿ ನನ್ನ ಸೋದರಮಾವ ಈರಪ್ಪ ಮಾಸ್ತರರನ್ನು ಮೀರಿಸಿದವರಿಲ್ಲ. ಮಸೂತಿ ಎಂಬ ಊರಿನ ಶಾಲೆಯಲ್ಲಿ ಕಲಿಸಿ, ನಿವೃತ್ತಿಯಾಗಿ ಬಾಗೇವಾಡಿಯಲ್ಲಿ ಮನೆ ಮಾಡಿದವರು. ಬೀಗರ ಮನೆಗೆ ಹೋದರೂ, ಹೊರಡುವಾಗ ಉಳಿದ ಗುಳಿಗೆ ಇದ್ದರೆ ಕೇಳಿ ತರುತ್ತಿದ್ದರು. ಒಂದೊಂದು ತುಂಡಿಗೂ ದಾರ ಕಟ್ಟಿ, ದುಂಡಗಿನ ಅಕ್ಷರದಲ್ಲಿ ಚೀಟಿ ಬರೆಯುತ್ತಿದ್ದರು: ‘ಕೆಮ್ಮು. ಶಾಂತವ್ವಗ ನಾಟಿದ್ದು.’ ನಾಟಿದ್ದು ಎಂದರೆ ಗುಣ ಕೊಟ್ಟದ್ದು. ಓಣಿಯವರು ಬಾಗಿಲಿಗೆ ಬಂದು, “ಮಾಸ್ತರ್ರ, ಹಲ್ಲಿಗಿ ಏನರ ಐತೇನ್ರಿ?” ಎನ್ನುವರು. ಮಾಮಾ ಯಾರನ್ನೂ ಬರಿಗೈಯಲ್ಲಿ ಕಳಿಸಿದ್ದನ್ನು ನಾನು ಕಂಡಿಲ್ಲ. ಕೊಡುವ ಹಂಬಲ ಎಷ್ಟೆಂದರೆ, ಡಾಕ್ಟರು ತಮಗೇ ಬರೆದುಕೊಟ್ಟದ್ದನ್ನೂ ಅರ್ಧಕ್ಕೆ ನಿಲ್ಲಿಸಿ ಎತ್ತಿಡುತ್ತಿದ್ದರು.

ನಾನೇನೂ ಕಡಿಮೆಯವಳಲ್ಲ. ಸಿಂದಗಿಯ ಲ್ಯಾಬೊಂದರಲ್ಲಿ ಕೀವು, ಕಫಗಳಿಂದ ಕ್ರಿಮಿ ಬೆಳೆಸಿ, ಅದು ಯಾವ ಔಷಧಕ್ಕೆ ಸಾಯುತ್ತದೆಂದು ನೋಡುವುದೇ ನನ್ನ ಕೆಲಸ. ಅರ್ಧ ಔಷಧಕ್ಕೆ ಸಾಯದೆ ಉಳಿದ ಕ್ರಿಮಿ ಇನ್ನಷ್ಟು ಗಟ್ಟಿಯಾಗುತ್ತದೆಂದು ಬಂದವರಿಗೆಲ್ಲ ಪಾಠ ಹೇಳುವವಳು. ನನ್ನದೇ ಗಂಟಲು ಕೆರೆದರೆ ಮಾತ್ರ ಬಾಗೇವಾಡಿಗೆ ಫೋನು: “ಮಾಮಾ, ಆ ಕೆಂಪು-ಕರೀದು ಉಳಿದಾವೇನ್ರಿ?”

ಮುದ್ದೇಬಿಹಾಳದಲ್ಲಿ ಮದುವೆಯೊಂದನ್ನು ಮುಗಿಸಿಕೊಂಡು ಬರುವಾಗ ಮಾಮಾನ ಗಾಡಿ ಜಾರಿತು. ಎಡಗಾಲಿನ ಎಲುಬು ಮುರಿದು, ಒಳಗೆ ರಾಡು ಹಾಕಿದರು. ಗಾಯ ಕೂಡಲಿಲ್ಲ, ಕೀವಾಯಿತು. ಡಾಕ್ಟರು ಗುಳಿಗೆ ಕೊಟ್ಟರು, ಕೀವು ನಿಂತಿತು. ಕೀವು ನಿಂತ ಮರುದಿನವೇ ಮಾಮಾ ಉಳಿದದ್ದಕ್ಕೆ ದಾರ ಕಟ್ಟಿಟ್ಟರು. ಮತ್ತೆ ಕೀವು, ಮತ್ತೆ ಗುಳಿಗೆ, ಮತ್ತೆ ದಾರ. ಹೀಗೆ ವರ್ಷ ಕಳೆಯಿತು.

ಕಡೆಗೊಮ್ಮೆ ಆ ಕೀವು ನನ್ನ ಮೇಜಿಗೇ ಬಂತು. ನಾವು ಮಾಡುವುದಿಷ್ಟು: ಸಣ್ಣ ಗಾಜಿನ ತಟ್ಟೆಯಲ್ಲಿ ಕ್ರಿಮಿ ಬೆಳೆಸಿ, ಔಷಧ ಹಚ್ಚಿದ ಕಾಗದದ ಬಿಲ್ಲೆಗಳನ್ನು ಮೇಲಿಡುತ್ತೇವೆ. ನಾಟುವ ಔಷಧವಾದರೆ ಬಿಲ್ಲೆಯ ಸುತ್ತ ಕ್ರಿಮಿ ಸತ್ತು, ಬಯಲಾದ ಒಂದು ಉಂಗುರ ಕಾಣುತ್ತದೆ. ಮಾಮಾನ ತಟ್ಟೆಯಲ್ಲಿ ಒಂದೇ ಒಂದು ಬಿಲ್ಲೆಗೆ ಕೂದಲೆಳೆಯಷ್ಟು ಉಂಗುರ, ಉಳಿದವಕ್ಕೆ ಅದೂ ಇಲ್ಲ. ರಿಪೋರ್ಟು ನಾನೇ ಟೈಪು ಮಾಡಿದೆ. ಊರಿಗೆಲ್ಲ ಹೇಳಿದ ಪಾಠವನ್ನು ಈ ಒಬ್ಬ ಮನುಷ್ಯನಿಗೆ ನಾನು ಹೇಳಿರಲಿಲ್ಲ. ಹೇಳಿದ್ದರೆ ನನಗೆ ಗುಳಿಗೆ ಸಿಗುತ್ತಿರಲಿಲ್ಲವಲ್ಲ.

ಮೊಣಕಾಲ ಕೆಳಗೆ ಕಾಲನ್ನೇ ತೆಗೆಯಬೇಕಾಗುತ್ತದೆ ಎಂದರು ಡಾಕ್ಟರು. ಮಾಮಾ ಗೋಡೆಯ ಕಡೆ ಹೊರಳಿ, “ಓಣಿ ಒಂದು ಸುತ್ತು ಹಾಕ್ಲಿಲ್ಲಂದ್ರ ನನಗ ಊಟಾನ ಹೋಗಂಗಿಲ್ಲ ತಂಗಿ” ಎಂದರು. ಅಷ್ಟೇ.

ದೊಡ್ಡ ಊರಿನ ಆಸ್ಪತ್ರೆಯ ಡಾಕ್ಟರಮ್ಮ ಒಬ್ಬರು ಇನ್ನೊಂದು ದಾರಿ ಹೇಳಿದರು. ಕ್ರಿಮಿಯನ್ನೇ ಹೊಕ್ಕು ಕೊಲ್ಲುವ ವೈರಸ್ಸುಗಳಿವೆಯಂತೆ, ಹೆಸರು ಫೇಜ್. ಬೇರೆ ಔಷಧ ನಾಟದಿದ್ದಾಗ, ವಿಶೇಷ ಅನುಮತಿ ಪಡೆದು ಮಾತ್ರ ಕೊಡುವುದು. ಖಾತ್ರಿ ಇಲ್ಲ. ಅಲ್ಲದೆ ಒಂದು ಕ್ರಿಮಿಗೆ ಒಗ್ಗುವ ಫೇಜು ಇನ್ನೊಂದನ್ನು ಮುಟ್ಟಿಯೂ ನೋಡುವುದಿಲ್ಲ. ಅವರಲ್ಲಿದ್ದ ಯಾವುದೂ ಮಾಮಾನ ಕ್ರಿಮಿಗೆ ಒಗ್ಗಲಿಲ್ಲ. “ನಿಮ್ಮ ಕಡೆಯ ಗಟಾರದ ನೀರು ಕಳಿಸಿ. ಕ್ರಿಮಿ ಇದ್ದಲ್ಲೇ ಅದನ್ನು ಕೊಲ್ಲುವುದೂ ಇರುತ್ತದೆ” ಎಂದರು.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ. ನಾಲ್ಕೂರಿನ ಗಟಾರಗಳ ಬದಿಯಲ್ಲಿ ಸೀರೆ ಎತ್ತಿ ಕಟ್ಟಿ, ಕೈಗವಸು ಹಾಕಿ, ಬಾಟಲಿ ತುಂಬಿದ ಏಕೈಕ ಹೆಣ್ಣುಮಗಳು ನಾನೇ ಇರಬೇಕು. ಇಂಡಿಯಲ್ಲಿ ಚಹಾದಂಗಡಿಯವನು, “ಅಕ್ಕಾರ, ಏನ್ ಬಿತ್ರಿ? ಬಂಗಾರೇನ್ರಿ?” ಎಂದು ತಾನೂ ಬಗ್ಗಿ ನೋಡಿದ. ಔಷಧಕ್ಕೆ ಎಂದೆ. ಅವನು ಆಮೇಲೆ ನನ್ನೊಂದಿಗೆ, ತಲೆ ಕೆಟ್ಟವರೊಂದಿಗೆ ಮಾತಾಡುವ ಹಾಗೆ, ಬಹಳ ಮೆಲ್ಲಗೆ ಮಾತಾಡಿದ.

ಮಾಮಾನಿಗೆ ಹೇಳಿದಾಗ ಅವರು ಎದ್ದು ಕೂತರು. “ಮೂವತ್ತು ವರ್ಷ ಹುಡುಗರಿಗಿ ಕೈ ತೊಳ್ಕೊರಿ ತೊಳ್ಕೊರಿ ಅಂದೇನಿ. ಈಗ ನನ್ನ ಕಾಲಾಗ ಗಟಾರ ಸುರವ್ತೀರೇನು?”

“ನೀರಲ್ರಿ ಮಾಮಾ, ಅದರಾಗಿಂದು ಸೋಸಿ ಸ್ವಚ್ಛ ಮಾಡಿದ್ದು.”

“ಯಾವೂರಿಂದು ನಾಟತೈತಿ ಅಂತರ ಹೇಳ್ರಿ” ಎಂದು ಮಲಗಿಬಿಟ್ಟರು.

ನಾಟಿದ್ದು ಮುದ್ದೇಬಿಹಾಳದ್ದು. ಡಾಕ್ಟರಮ್ಮ ಫೋಟೋ ಕಳಿಸಿದ್ದರು. ತಟ್ಟೆಯ ತುಂಬ ಮಂಜಿನಂತೆ ಬೆಳೆದ ಮಾಮಾನ ಕ್ರಿಮಿ, ಅದರಲ್ಲಿ ಹುಳ ತಿಂದ ಎಲೆಯ ಹಾಗೆ ತೂತು ತೂತು. ಲ್ಯಾಬಿನಲ್ಲಿ ಕೂತು ಅತ್ತುಬಿಟ್ಟೆ. ಆಮೇಲೆ ಗಾಯ ಬಿಚ್ಚಿ ತೊಳೆದರು, ರಾಡು ತೆಗೆದರು, ಫೇಜ್ ಹಾಕಿದರು, ಜೊತೆಗೆ ಆ ಕೂದಲೆಳೆ ಉಂಗುರದ ಔಷಧವನ್ನೂ ಕೊಟ್ಟರು. ತಿಂಗಳುಗಳೇ ಹಿಡಿದವು. ಕಾಲು ತುಸು ಗಿಡ್ಡಾಯಿತು, ಆದರೆ ಉಳಿಯಿತು.

ನಿನ್ನೆ ಬಾಗೇವಾಡಿಗೆ ಹೋಗಿದ್ದೆ. ಓಣಿಯ ಖಾತೂನಬಿ ಬಾಗಿಲಲ್ಲಿ ನಿಂತಿದ್ದಳು, ಹಿಂದೆ ಗೋಡೆ ಹಿಡಿದುಕೊಂಡು ಅವಳ ಗಂಡ. “ಮಾಸ್ತರ್ರ, ಇವರ ಅಂಗಾಲಾಗ ಕೀವು ಆಗೈತ್ರಿ. ನಿಮಗ ನಾಟಿದ ಆ ಗಟಾರದ ಔಷಧ ಒಂಚೂರರ ಉಳಿದಿದ್ರ ಕೊಡ್ರಿ.”

ಉಣ್ಣಲು ಬಂದವರಿಗೆ ಅಡುಗೆಯೇ ಆಗಿಲ್ಲ ಎಂದು ಹೇಳಬೇಕಾದವರ ಮುಖ ಮಾಮಾನದಾಗಿತ್ತು.

“ಅದು ನನ್ನ ಕ್ರಿಮಿಗಷ್ಟ ಯವ್ವಾ. ಇವನ ಕಾಲಿಗಿ ನಾಟಂಗಿಲ್ಲ. ಕೊಡಾಕ ನನ್ನ ಕಡೆ ಏನೂ ಇಲ್ಲ.” ಆಮೇಲೆ ಚಪ್ಪಲಿ ಮೆಟ್ಟಿದರು. “ನಡೀರಿ, ನಾನೂ ಬರ್ತೇನಿ. ಕೀವು ಪರೀಕ್ಷಾ ಮಾಡಸೂಣು. ಡಾಕ್ಟರ್ ಎಷ್ಟು ದಿನ ಅಂತಾರ ಅಷ್ಟೂ ದಿನ ನುಂಗಬೇಕು ಮತ್ತ. ದಿನಾ ಬಂದು ನೋಡಾವ ನಾನು.”

ಡಾಕ್ಟರಿಗೆ ತೋರಿಸಲು ನಿಲ್ದಾಣಕ್ಕೆ ಹೋದೆವು. ಬಿಜಾಪುರದ ಬಸ್ಸು ಬಂತು. ಮೆಟ್ಟಿಲು ಎತ್ತರ, ನಾನು ಕೈ ನೀಡಿದೆ. “ನನ್ನ ಬಿಡು, ಅವನ ಕೈ ಹಿಡಿ” ಎಂದು ಮಾಮಾ ಎಡಗಾಲನ್ನೇ ಮೊದಲು ಎತ್ತಿಟ್ಟು ಹತ್ತಿದರು.