ಮಹಾಶಕ್ತಿಗೆ ಕನ್ನಡ ಕಲಿಸಿದ್ದು

ಭಾನುವಾರ ಬಂದರೆ ದೆಹಲಿಯ ಕಿದ್ವಾಯಿ ನಗರದ ನಮ್ಮ ಸರ್ಕಾರಿ ಕ್ವಾರ್ಟರ್ಸಿನ ಮುಂದಿನ ಕೋಣೆ ವಿದೇಶಾಂಗ ಸಚಿವಾಲಯವಾಗಿಬಿಡುತ್ತಿತ್ತು. ನನ್ನ ಗಂಡ ಕೇಂದ್ರ ಸರ್ಕಾರದ ಬೇರೊಂದು ಸಚಿವಾಲಯದಲ್ಲಿ ಗುಮಾಸ್ತರು. ಅವರ ಜೊತೆ ಕೆಲಸ ಮಾಡುವ ನಮ್ಮ ಕಡೆಯ ಮೂರ್ನಾಲ್ಕು ಜನ ಉಪ್ಪಿಟ್ಟಿನ ಹೊತ್ತಿಗೆ ಸರಿಯಾಗಿ ಬಂದು ಕೂರುತ್ತಿದ್ದರು. ಭಾರತ ಯಾವಾಗ ಮಹಾಶಕ್ತಿಯಾಗುತ್ತದೆ ಎಂಬುದೇ ಆ ವರ್ಷಗಳ ಮಾತು. ಒಬ್ಬರಿಗೆ ಅಣುಬಾಂಬು ಸಾಕು, ಇನ್ನೊಬ್ಬರಿಗೆ ನೌಕಾಪಡೆ ಬೇಕು, ಮತ್ತೊಬ್ಬರಿಗೆ ಡಾಲರು. ದೇಶವನ್ನು ಅಷ್ಟೆತ್ತರಕ್ಕೆ ಎತ್ತುವವರು ತಾವು ತಿಂದ ತಟ್ಟೆಯನ್ನು ಸಿಂಕಿನವರೆಗೆ ಎತ್ತಿದ್ದನ್ನು ಮಾತ್ರ ನಾನು ಕಾಣಲಿಲ್ಲ. ನನ್ನ ಅಭಿಪ್ರಾಯ ಯಾರೂ ಕೇಳಲಿಲ್ಲ. ಕೇಳಿದ್ದರೂ ಆಗ ನನ್ನ ಹತ್ತಿರ ಅಂಥದ್ದೇನೂ ಇರಲಿಲ್ಲ.

ನನ್ನ ತಲೆಬಿಸಿ ಬೇರೆ. ಮಗಳಿಗೆ ಒಂಬತ್ತು ವರ್ಷ. ದೆಹಲಿಯಲ್ಲೇ ಹುಟ್ಟಿ ಬೆಳೆದವಳು. ಕನ್ನಡ ಪೂರಾ ಅರ್ಥವಾಗುತ್ತಿತ್ತು, ಬಾಯಿ ತೆರೆದರೆ ಹಿಂದಿ. ಆ ಬೇಸಿಗೆಯಲ್ಲಿ ತುಮಕೂರಿಗೆ, ನನ್ನ ಭಾವನವರ ಮನೆಗೆ ಹೋಗಿದ್ದಾಗ ಧೈರ್ಯ ಮಾಡಿ ಏನೋ ಒಂದು ಕನ್ನಡದಲ್ಲಿ ಹೇಳಿದಳು. ಅಲ್ಲಿನ ಮಕ್ಕಳು ಬಿದ್ದು ಬಿದ್ದು ನಕ್ಕವು. ಅವತ್ತಿನಿಂದ ತುಟಿ ಹೊಲಿದುಕೊಂಡಂತೆ ಇದ್ದುಬಿಟ್ಟಳು. ಅಜ್ಜಿ ಕರೆದರೆ ತಲೆಯಾಡಿಸಿ ಓಡಿಹೋಗುತ್ತಿದ್ದಳು. ಹೊರಡುವ ದಿನ ಅತ್ತೆ ನನ್ನನ್ನು ಪಕ್ಕಕ್ಕೆ ಕರೆದು, "ಮಗೂಗೆ ನಾನಂದ್ರೆ ಯಾಕೋ ಆಗಲ್ಲ ಕಣಮ್ಮ" ಎಂದರು. ಹಾಗೆ ಹೇಳಿ ಅವರು ನಗಲು ನೋಡಿದ್ದು ನನಗೆ ಇನ್ನಷ್ಟು ಸಂಕಟ ತಂದಿತು.

ಅತ್ತೆಗೆ ಒಂದು ಕಣ್ಣು ಎಂದೋ ಹೋಗಿತ್ತು, ಇನ್ನೊಂದಕ್ಕೆ ಪೊರೆ ಬರುತ್ತಿತ್ತು. ಚಳಿ ಕಳೆದ ಮೇಲೆ ಆಪರೇಷನ್ನಿಗೆ ನಮ್ಮಲ್ಲಿಗೇ ಬರುವುದೆಂದು ತೀರ್ಮಾನವಾಯಿತು. ಅಷ್ಟರೊಳಗೆ ಮಗಳ ಬಾಯಿ ಬಿಡಿಸಬೇಕು, ಇಲ್ಲವಾದರೆ ಅವರು ಅದೇ ನೋವು ಹೊತ್ತು ವಾಪಸ್ಸು ಹೋಗುತ್ತಾರೆ. ಗದರಿದೆ, ಮುದ್ದು ಮಾಡಿದೆ, ಚಾಕೊಲೇಟಿನ ಆಸೆ ತೋರಿಸಿದೆ. "ಅಮ್ಮಾ, ಮುಝ್ ಸೆ ನಹೀ ಹೋಗಾ" ಎಂದು, ತನ್ನ ಕೈಲಾಗದೆಂಬಂತೆ ಎದ್ದು ಹೋಗುತ್ತಿದ್ದಳು.

ದಸರೆ ಕಳೆದ ಮೇಲೆ, ಪರಿಚಯದ ಪ್ರೊಫೆಸರೊಬ್ಬರು ನನ್ನ ಹತ್ತಿರ ಒಬ್ಬ ಹುಡುಗಿಯನ್ನು ಕಳಿಸಿದರು. ಅಮೆರಿಕದವಳು, ಸಂಶೋಧನೆ ಮಾಡುವವಳು. ತುಮಕೂರು ಕಡೆಯ ಸಂತೆಗಳಲ್ಲಿ ಕೂತು ವ್ಯಾಪಾರ ನೋಡಬೇಕಂತೆ, ಅದಕ್ಕೆ ಮೊದಲು ಕನ್ನಡ ಬೇಕಂತೆ. ಕೆಳಗಿನ ಮನೆಯ ಮೈಸೂರಿನಾಕೆ, "ಗೂಢಚಾರಿಣಿ ಇರ್ಬೇಕು ರೀ, ಹುಷಾರು" ಎಂದು ಕಿವಿಯೂದಿದರು. ಗುಮಾಸ್ತರ ಮನೆಯಲ್ಲಿ ಕದಿಯುವಂಥ ಗುಟ್ಟು ಏನಿದೆ, ನನ್ನ ಸಾರಿನ ಪುಡಿಯ ಹದವೊಂದನ್ನು ಬಿಟ್ಟರೆ?

ಮೊದಲ ಭಾನುವಾರವೇ ನಮ್ಮ ವಿದೇಶಾಂಗ ಸಚಿವರೆಲ್ಲ ಅವಳನ್ನು ಹಿಡಿದುಕೊಂಡರು. ಅವಳ ದೇಶ ಇರಾಕಿಗೆ ನುಗ್ಗಿದ ವರ್ಷ ಅದು. ಒಬ್ಬರಂತೂ ಅವಳೇ ಸೈನ್ಯ ಕಳಿಸಿದ್ದಾಳೆ ಎಂಬಂತೆ ಇಂಗ್ಲಿಷಿನಲ್ಲಿ ಚೆನ್ನಾಗಿ ದಬಾಯಿಸಿದರು. ಅವಳು ಎಲ್ಲವನ್ನೂ ಕೇಳಿಸಿಕೊಂಡಳು. ಆಮೇಲೆ ಪುಸ್ತಕದಿಂದ ಕಲಿತ ಕನ್ನಡದಲ್ಲಿ, ಒಂದೊಂದೇ ಪದ ಹುಡುಕಿ, "ತಾವು ನುಡಿದದ್ದು ಯೋಗ್ಯವಾಗಿದೆ. ನನಗೆ ಲಜ್ಜೆಯು ಉಂಟಾಗುತ್ತದೆ" ಎಂದಳು.

ಅಷ್ಟರಲ್ಲಿ ಒಳಬಾಗಿಲ ಹತ್ತಿರ ಕಿಸಕ್ಕೆಂದು ನಗು. ನನ್ನ ಮಗಳು!

"ದೀದಿ, ಹಾಗೆ ಕೋಯಿ ನಹೀ ಬೋಲ್ತಾ! ನಂಗೆ ನಾಚ್ಕೆ ಆಗತ್ತೆ ಅನ್ನು, ಬಸ್."

ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದೆ. ಬೇಸಿಗೆಯ ನಂತರ ಅವಳ ಬಾಯಿಂದ ಬಂದ ಮೊದಲ ಕನ್ನಡ ಅದು. ಆ ಹುಡುಗಿ ಅದನ್ನು ಹೇಳಲು ಹೋಗಿ ಮತ್ತೆ ತಪ್ಪಿದಳು, ತಾನೇ ಎಲ್ಲರಿಗಿಂತ ಜೋರಾಗಿ ನಕ್ಕಳು, ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಇನ್ನೊಂದು ಸಲ ಹೇಳಿಸಿಕೊಂಡಳು.

ಅಲ್ಲಿಂದ ಪಾಠ ನನ್ನ ಕೈ ತಪ್ಪಿತು. ತನಗಿಂತ ಕೆಟ್ಟದಾಗಿ ಕನ್ನಡ ಮಾತಾಡುವವರು ಈ ಲೋಕದಲ್ಲಿದ್ದಾರೆ ಎಂದು ಗೊತ್ತಾದದ್ದೇ ತಡ, ಮಗಳಿಗೆ ಆನೆಬಲ ಬಂತು. ದೀದಿಗೆ ಬೆಂಡೆಕಾಯಿ ಅನ್ನಲು ಕಲಿಸಿದಳು, ಜಗಳ ಆಡಲು ಕಲಿಸಿದಳು. ಇಬ್ಬರೂ ಕೆಳಗಿಳಿದು ತರಕಾರಿ ಮಾರುವ ಸಬ್ಜಿ ಭಯ್ಯಾನ ಜೊತೆ ಕನ್ನಡದಲ್ಲೇ ಚೌಕಾಸಿಗೆ ನಿಂತರೆ ಅವನು ಎಲ್ಲದಕ್ಕೂ "ಹಾಂ ಜೀ, ಹಾಂ ಜೀ" ಎನ್ನುತ್ತಿದ್ದ. ತಿಳಿಯದ ಪದ ಬಂದರೆ ಮಗಳು ಅಡುಗೆಮನೆಗೆ ಓಡಿ ಬಂದು ನನ್ನಿಂದ ಇಸಿದುಕೊಂಡು ಹೋಗಿ ತನ್ನದೇ ಎಂಬಂತೆ ಹೇಳುತ್ತಿದ್ದಳು.

ಆಗಲೇ ನನಗೂ ಒಂದು ಅಭಿಪ್ರಾಯ ಹುಟ್ಟಿದ್ದು. ದೊಡ್ಡ ದೇಶಗಳು ಊರೂರಿನ ಮಾತು ಕಲಿಯುವುದು ಬರೀ ಪ್ರೀತಿಯಿಂದಲ್ಲ ಎಂಬಷ್ಟು ಬುದ್ಧಿ ನನಗೂ ಇದೆ. ಆದರೆ ಅಷ್ಟು ಓದಿದವಳು ಒಂದು ಮಗುವಿನ ಎದುರು ಚಾಪೆಯ ಮೇಲೆ ಕೂತು, ನಗೆಪಾಟಲಾಗಿ, ಮಾರನೆಯ ದಿನ ಮತ್ತೆ ಬರುತ್ತಾಳಲ್ಲ, ಅಂಥವರನ್ನು ಬೆಳೆಸಿದ ದೇಶದ ಶಕ್ತಿ ಬರೀ ಯುದ್ಧದ ಹಡಗಿನಲ್ಲಿ ಇರಲಾರದು. ನಾವೋ, ವರ್ಷಗಟ್ಟಲೆ ಪಕ್ಕದಲ್ಲೇ ಇದ್ದ ಪಂಜಾಬಿಗಳ ಮಾತಿನಲ್ಲಿ ಊಟ ಆಯ್ತಾ ಎಂದು ಕೇಳಲೂ ಕಲಿತಿರಲಿಲ್ಲ. ಗಂಡನಿಗೆ ಹೇಳಿದೆ. "ಅಚ್ಛಾ, ನಿನ್ನ ಥಿಯರಿ ಚೆನ್ನಾಗಿದೆ. ಒಂದು ಕಾಫಿ ಕೊಡು" ಎಂದರು.

ಸಂಕ್ರಾಂತಿ ಮುಗಿಸಿ ಆ ಹುಡುಗಿ ತುಮಕೂರಿಗೆ ಹೊರಟಳು. ಅತ್ತೆ ಬಂದದ್ದು ಅದಾದ ಮೇಲೆ. ಸ್ಟೇಷನ್ನಿನಿಂದ ಅವರು ಮನೆಯೊಳಗೆ ಬರುತ್ತಿದ್ದಂತೆ ಮಗಳು ಪರದೆಯ ಹಿಂದೆ ಸರಿದುಬಿಟ್ಟಳು. ಆಪರೇಷನ್ನಿನ ದಿನದವರೆಗೂ ಅಜ್ಜಿಯ ಮುಂದೆ ಅವಳದು ಮತ್ತೆ ಬರೀ ತಲೆಯಾಡಿಸುವುದೇ. ಅತ್ತೆಯೂ ಕರೆಯುವುದನ್ನು ಬಿಟ್ಟರು.

ಆಪರೇಷನ್ ಆಯಿತು. ಇದ್ದ ಒಂದು ಕಣ್ಣಿಗೂ ಪಟ್ಟಿ ಕಟ್ಟಿ ಅತ್ತೆಯನ್ನು ವಾರ್ಡಿಗೆ ತಂದು ಮಲಗಿಸಿದರು. ಗಂಡ ಡಾಕ್ಟರ ಹಿಂದೆ ಓಡಾಡುತ್ತಿದ್ದರು. ಮಗಳನ್ನು ಮಂಚದ ಹತ್ತಿರ ಕೂರಿಸಿ ನಾನು ಔಷಧಿ ತರಲು ಇಳಿದೆ. ವಾಪಸ್ಸು ಬಂದಾಗ ಅತ್ತೆಗೆ ಎಚ್ಚರವಾಗಿತ್ತು. ಸುತ್ತ ಎಲ್ಲಿ ಕಿವಿಗೊಟ್ಟರೂ ಹಿಂದಿ. ಕೈಯಿಂದ ಗಾಳಿಯಲ್ಲಿ ತಡಕಾಡುತ್ತ, "ಯಾರಿದೀರಪ್ಪ? ನಮ್ಮೋರು ಯಾರಾದ್ರೂ ಇದೀರಾ?" ಎನ್ನುತ್ತಿದ್ದರು. ನರ್ಸಿಗೆ ಅದು ತಿಳಿಯಲಿಲ್ಲ. ನಾನು ಬಾಗಿಲಿನಿಂದ ಓಡುವಷ್ಟರಲ್ಲಿ ಆ ಕೈಯನ್ನು ಮಗಳು ಹಿಡಿದುಕೊಂಡಳು.

"ನಾನಿದೀನಿ ಅಜ್ಜಿ. ಹೆದರ್ಬೇಡ. ಅಮ್ಮ ದವಾಯಿ ತರಕ್ಕೆ ಹೋಗಿದಾಳೆ. ಪಕ್ಕದ ಮಂಚದಲ್ಲಿ ಒಂದು ಅಜ್ಜಿ ಇದೆ, ಸಂತ್ರಾ ತಿಂತಿದೆ. ಖಿಡ್ಕಿಯಲ್ಲಿ ಕಬೂತರ್ ಕೂತಿದೆ. ಅದು ನಿನ್ನೇ ನೋಡ್ತಿದೆ."

ಔಷಧಿ, ಕಿತ್ತಳೆ, ಕಿಟಕಿ, ಪಾರಿವಾಳ ಹಿಂದಿಯಲ್ಲೇ ಉಳಿದಿದ್ದವು, ಮಿಕ್ಕದ್ದೆಲ್ಲ ಕನ್ನಡ. ನಾನು ಇದ್ದಲ್ಲೇ ನಿಂತುಬಿಟ್ಟೆ. ಆ ಅಮೆರಿಕದ ಹುಡುಗಿ ಎಲ್ಲೇ ಇರಲಿ, ತಣ್ಣಗಿರಲಿ ಎಂದು ಮನಸ್ಸು ತುಂಬಿ ಹಾರೈಸಿದೆ. ಇವತ್ತಿಗೂ ಹಾರೈಸುತ್ತೇನೆ.

ಅತ್ತೆ ಇನ್ನೊಂದು ಕೈಯಿಂದ ಮಗಳ ಕೆನ್ನೆ, ಮೂಗು, ಬಾಯಿ ಎಲ್ಲವನ್ನೂ ಸವರಿ ನೋಡಿದರು. ಯಾವ ಮಗು ಇದು ಎಂದು ಖಾತರಿ ಮಾಡಿಕೊಳ್ಳಬೇಕಿತ್ತೋ ಏನೋ. ಆಮೇಲೆ ಸ್ವಲ್ಪ ಆಚೆ ಸರಿದು ಮಂಚದಲ್ಲಿ ಅವಳಿಗೆ ಜಾಗ ಮಾಡಿಕೊಟ್ಟರು.

"ಹೇಳು ಮಗ," ಎಂದರು. "ಇನ್ನೂ ಏನೇನು ಕಾಣತ್ತೆ?"